ಹೊಸ್ತಿಲಿಗೆ ಬಂದ ಕಪ್ಪುಕುಳಿ

ಶ್ರೀನಿವಾಸಪುರ
3 ಮಾರ್ಚ್ 1975

ಕೋದಂಡರಾಮ,

ಮದುವೆಗೆ ನೀನು ಕಳಿಸಿದ ಶುಭಾಶಯದ ತಂತಿ, ಸಾವಿಗೆ ಕಳಿಸಿದ ವಿಷಾದದ ತಂತಿ, ಎರಡೂ ತಲುಪಿದವು. ಮೊದಲನೆಯದು ತಡವಾಗಿ ಬಂತು, ಅಶ್ವತ್ಥಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ. ಅಂಚೆಯವನು ಅದನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಜಗಲಿಯ ಮೇಲಿಟ್ಟು ಹೋದ.

ನೀನು ಮದುವೆಗಳಿಗೆ ಹೋಗುವವನಲ್ಲ. ಆದ್ದರಿಂದ ನಡೆದದ್ದನ್ನು ಬರೆಯಬೇಕಾಗಿದೆ. ಮಾಲೂರಿನಲ್ಲಿ ಮಗ ನರಸಿಂಹನ ಧಾರೆ ಮುಗಿಸಿ ಮಾರನೆಯ ಸಂಜೆ ಹೆಣ್ಣುಗಂಡನ್ನು ಮನೆಗೆ ಕರೆತಂದೆವು. ಹೊಸ್ತಿಲ ಮೇಲೆ ಸೇರಿನಲ್ಲಿ ಅಕ್ಕಿ ತುಂಬಿ ಇಟ್ಟಿತ್ತು. ಒಳಗಡೆ ನನ್ನ ಹೆಂಡತಿ ಅಶ್ವತ್ಥಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಸೊಸೆ ಭಾರತಮ್ಮ ಬಲಗಾಲಿನಿಂದ ಸೇರನ್ನು ಒದ್ದಳು. ಅಕ್ಕಿ ಒಳಕ್ಕೆ ಚೆಲ್ಲಿತು. ಆ ಅಕ್ಕಿಯ ಮೇಲೆಯೇ ಅಶ್ವತ್ಥಮ್ಮ ಬಿದ್ದಳು. ಕೂಗಲಿಲ್ಲ. ಎದೆ ಹಿಡಿದುಕೊಳ್ಳಲೂ ಇಲ್ಲ. ಬಿದ್ದವಳು ಏಳಲಿಲ್ಲ.

ಡಾಕ್ಟರು ಬರುವ ಮೊದಲೇ ನಮ್ಮಕ್ಕ ಅಕ್ಕಯಮ್ಮ ತೀರ್ಪು ಕೊಟ್ಟಾಗಿತ್ತು. ಗಂಡ ಹೋದಾಗಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಾಳೆ, ಮನೆಯಲ್ಲಿ ಅವಳದೇ ಮಾತು. "ಒಳಕ್ಕೆ ಬಿಡ್ಬೇಡಿ, ಅಲ್ಲೇ ನಿಲ್ಸಿ! ಏಮಿ ಕಾಲಮ್ಮಾ ಇದಿ, ಎಂಥಾ ಕಾಲಿದು, ಇಟ್ಟ ಗಳಿಗೇಲೇ ಮನೆಯೊಡತೀನ ತಿಂತಲ್ಲಪ್ಪಾ!" ಎಂದಳು. ಹುಡುಗಿಯ ಕಾಲು ಇನ್ನೂ ಹೊಸ್ತಿಲ ಮೇಲೇ ಇತ್ತು. ಅಲ್ಲಿಂದಲೇ ಅವಳನ್ನು ಮಾಲೂರಿಗೆ ವಾಪಸು ಕಳಿಸಿದರು. ಮಾವಿನ ಕೆಲಸ ಶುರುವಾಗುವ ಮೊದಲು ಹಿರಿಯರು ಕೂತು, ಅವಳು ಈ ಮನೆಗೆ ಬರಬೇಕೋ ಬೇಡವೋ ತೀರ್ಮಾನಿಸುತ್ತಾರಂತೆ.

ಈಗ ವಿಷಯ. ವಾರಪತ್ರಿಕೆಯಲ್ಲಿ ನೀನು ಬರೆದ ಲೇಖನ ಓದಿದೆ. ಲೋಕ ಹುಟ್ಟಿದ ಹೊತ್ತಿನಲ್ಲೇ ಹುಟ್ಟಿದ ಸಣ್ಣ ಕಪ್ಪುಕುಳಿಗಳು ಇರಬಹುದು, ಒಂದೊಂದು ಅಣುವಿಗಿಂತ ಚಿಕ್ಕದು, ಬೆಟ್ಟದಷ್ಟು ಭಾರ, ಭೂಮಿಗೆ ಬಡಿದರೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಟುಹೋಗುತ್ತದೆ ಎಂದು ಬರೆದಿದ್ದೀಯ. ಒಂದೇ ಪ್ರಶ್ನೆ. ಅಂಥದ್ದು ನಮ್ಮ ಮನೆಯ ಹೊಸ್ತಿಲಿಗೆ ಬಂದಿರಬಹುದೇ?

ಇಂತು,
ಕದಿರಪ್ಪ


ಕೋಲಾರ
9 ಮಾರ್ಚ್ 1975

ಪ್ರಿಯ ಕದಿರಪ್ಪ,

ಬಂದಿರಲಾರದು.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ನೀನು ಬಿ.ಎ. ಓದಿದವನು, ಮೂರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವನು. ನನ್ನ ಲೇಖನದ ಅರ್ಧ ಓದಿ ಇನ್ನರ್ಧ ಬಿಟ್ಟಿದ್ದೀಯ ಎನ್ನುವುದೇ ಕಿರಿಕಿರಿ. ಅಂಥ ಕುಳಿಗಳನ್ನು ಯಾರೂ ಕಂಡಿಲ್ಲ ಎಂದು ಬರೆದಿದ್ದೆ. ಅವು ಇವೆ ಎನ್ನುವುದು ಕಾಗದದ ಮೇಲಿನ ಲೆಕ್ಕ. 1908ರಲ್ಲಿ ಸೈಬೀರಿಯಾದ ಕಾಡು ಉರುಳಿಬಿದ್ದದ್ದಕ್ಕೆ ಅದೇ ಕಾರಣ ಎಂದು ಇಬ್ಬರು ವಿಜ್ಞಾನಿಗಳು ಹೇಳಿದರು. ಹಾಗಿದ್ದರೆ ಭೂಮಿಯ ಆಚೆ ಬದಿಯಲ್ಲಿ, ಸಮುದ್ರದಲ್ಲಿ, ಅದು ಹೊರಬಿದ್ದ ಗುರುತು ಎಲ್ಲಿ ಎಂದು ಉಳಿದವರು ಕೇಳಿದರು. ಉತ್ತರ ಸಿಗಲಿಲ್ಲ. ಭೂಮಿಗೆ ಅದರಿಂದ ಇರುವ ಅಪಾಯ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಎನ್ನುವುದು ನನ್ನ ಕೊನೆಯ ಸಾಲು. ಸಂಪಾದಕರು ಅದನ್ನು ಸಣ್ಣ ಅಕ್ಷರದಲ್ಲಿ ಹಾಕಿ, ಮೇಲೆ "ಭೂಮಿಯನ್ನು ಕೊರೆಯುವ ಕರಿ ಕಂಟಕ!" ಎಂದು ದಪ್ಪ ಅಕ್ಷರದಲ್ಲಿ ಹಾಕಿದರು. ಆ ಶೀರ್ಷಿಕೆ ನನ್ನದಲ್ಲ.

ಇನ್ನು ನಿನ್ನ ಹೊಸ್ತಿಲು. ಕುಳಿ ತೀರಾ ಸಣ್ಣದಾಗಿದ್ದರೆ ಮೈಯೊಳಗೆ ಹಾದುಹೋದರೂ ಅತ್ತಿಗೆಗೆ ತಿಳಿಯುತ್ತಿರಲಿಲ್ಲ. ಕೊಲ್ಲುವಷ್ಟು ದೊಡ್ಡದಾಗಿದ್ದರೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಒಬ್ಬರನ್ನು ಕೊಂದು, ಕೈಯಲ್ಲಿದ್ದ ಆರತಿ ತಟ್ಟೆಯನ್ನು ಬಿಟ್ಟುಹೋಗುವಷ್ಟು ನಾಜೂಕು ಅದಕ್ಕಿಲ್ಲ.

ಆಕೆಗೆ ಹೃದಯಾಘಾತವಾಗಿದೆ. ಅದನ್ನೇ ನಿಮ್ಮಕ್ಕನಿಗೆ ಹೇಳು. ಹುಡುಗಿಯನ್ನು ಕರೆದುಕೊಂಡು ಬಾ.

ಅತ್ತಿಗೆಯ ಬಗ್ಗೆ ಬರೆಯಲು ಕೂತು ಇದನ್ನೆಲ್ಲ ಬರೆದೆ. ನನಗೆ ಗೊತ್ತಿರುವ ವಿಷಯ ಇದೊಂದೇ.

ಕೋದಂಡರಾಮಪ್ಪ


ಶ್ರೀನಿವಾಸಪುರ
16 ಮಾರ್ಚ್ 1975

ಕೋದಂಡರಾಮ,

ಹೃದಯಾಘಾತ ಎಂದು ನಾನು ಹೇಳಲಿಲ್ಲ ಅಂದುಕೊಂಡೆಯಾ? ಡಾಕ್ಟರೇ ಹೇಳಿದರು. ನಡುಮನೆಯಲ್ಲಿ ಎಲ್ಲರ ಎದುರಿಗೆ ಹೇಳಿದರು. ಅಕ್ಕಯಮ್ಮ ತಲೆಯಾಡಿಸುತ್ತ ಕೇಳಿದಳು, ಆಮೇಲೆ ಅಂದಳು: "ಸರಿ ಸ್ವಾಮಿ, ಗುಂಡಿಗೆ ನಿಂತೋಯ್ತು. ಯಾಕೆ ನಿಂತೋಯ್ತು? ಇಷ್ಟು ವರ್ಷ ರಾಗಿ ಕುಟ್ಟುವಾಗ ನಿಲ್ಲಲಿಲ್ಲ, ಬಾಣಂತಿತನದಾಗೆ ನಿಲ್ಲಲಿಲ್ಲ. ಅವಳು ಕಾಲಿಟ್ಟಾಗ್ಲೇ ಯಾಕೆ?" ಡಾಕ್ಟರು ರಕ್ತನಾಳ ಅಂದರು. "ಅದ್ಯಾಕೆ ಕಟ್ಕೊಂತು?" ಅಂದಳು. ಡಾಕ್ಟರು ಚೀಲ ತೆಗೆದುಕೊಂಡು ಹೊರಟರು.

ನಿನ್ನ ವಿಜ್ಞಾನದ ಉತ್ತರಗಳೆಲ್ಲ ಹೀಗೆಯೇ. ಪ್ರತಿಯೊಂದರ ಹಿಂದೆ ಇನ್ನೊಂದು ಬಾಗಿಲು. ಒಂದೊಂದೇ ಬಾಗಿಲು ತೆಗೆಯುತ್ತ ಹೋಗಿ ಕೊನೆಗೆ ಆ ಹುಡುಗಿಯ ಪಾದದ ಹತ್ತಿರ ನಿಲ್ಲುತ್ತಾರೆ. ನಿನ್ನ ಕಪ್ಪುಕುಳಿ ಒಂದೇ ಹಾಗಲ್ಲ. ಅದು ಹುಟ್ಟಿದಾಗ ನಮ್ಮ ಕುಲವಿಲ್ಲ, ಗ್ರಹವಿಲ್ಲ, ಕಾಲಿಲ್ಲ, ಹೊಸ್ತಿಲಿಲ್ಲ. ಯಾರ ಪಾಪವೂ ಅದಕ್ಕೆ ತಾಗುವುದಿಲ್ಲ. ಅದು ಬಂತು, ಹೋಯಿತು. ಅದರ ಹಿಂದೆ "ಯಾಕೆ" ಎಂದು ಕೇಳಲು ಯಾರಿಗೂ ಆಗುವುದಿಲ್ಲ.

ಏಪ್ರಿಲ್ ಕೊನೆಗೆ ಹಿರಿಯರು ಸೇರುತ್ತಾರೆ. ಮುಳಬಾಗಿಲಿನಿಂದ ಮುನಿರಾಮಪ್ಪನೂ ಬರುತ್ತಾನೆ, ಅಕ್ಕಯಮ್ಮನ ಮೈದುನ, ಅವನ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ನೀನು ಬಂದು ಅಲ್ಲಿ ಇದನ್ನು ಹೇಳಬೇಕು. ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಹೇಳಿದರೆ ಕೇಳುತ್ತಾರೆ.

ಕದಿರಪ್ಪ


ಕೋಲಾರ
20 ಮಾರ್ಚ್ 1975

ಕದಿರಪ್ಪ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಹೆಚ್ಚು ಬರೆಯಬಾರದೆಂದೇ. ಬರುವುದಿಲ್ಲ. ಒಂದು ಸುಳ್ಳನ್ನು ತೆಗೆಯಲು ಇನ್ನೊಂದು ಸುಳ್ಳನ್ನು ನನ್ನ ಹೆಸರಿನಲ್ಲಿ ನಿನ್ನ ಮನೆಗೆ ತರುವುದು ನನ್ನಿಂದಾಗದು. ವರ್ಷಕ್ಕೆ ನೂರಿಪ್ಪತ್ತು ಹುಡುಗರ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುತ್ತೇನೆ. ಯೋಚಿಸು.

ಕೋ.


ಮಾಲೂರು
12 ಏಪ್ರಿಲ್ 1975

ಮಾನ್ಯರೆ,

ನಾನು ಭಾರತಮ್ಮ, ಶ್ರೀನಿವಾಸಪುರದ ಕದಿರಪ್ಪನವರ ಸೊಸೆ. ತಾವು ನನ್ನನ್ನು ನೋಡಿಲ್ಲ. ನಮ್ಮ ತಂದೆ ಇಲ್ಲಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ.

ಮಾವನವರು ತಮ್ಮ ಲೇಖನವನ್ನು ಪತ್ರಿಕೆಯಿಂದ ಕತ್ತರಿಸಿ ನನಗೆ ಕಳಿಸಿದ್ದಾರೆ. ಓದಿದೆ. ಆ ಕಪ್ಪುಕುಳಿ ನಮ್ಮ ಮನೆಗೆ ಬಂದಿರಲಿಲ್ಲ ಅಂತ ನನಗೂ ಗೊತ್ತು. ಸಣ್ಣ ಅಕ್ಷರದ ಸಾಲನ್ನೂ ಓದಿದೆ.

ಆದರೂ ತಾವು ಹಿರಿಯರ ಆ ಸಭೆಗೆ ಹೋಗಬೇಕೆಂದು ಬೇಡುತ್ತೇನೆ. ಇಲ್ಲಿ ನಲ್ಲಿಯ ಹತ್ತಿರ ಹೆಂಗಸರು ನನ್ನ ಮುಖ ನೋಡುವುದಿಲ್ಲ, ಪಾದ ನೋಡುತ್ತಾರೆ. ಪಕ್ಕದ ಮನೆಯ ಬೈರಮ್ಮ ಹೊಸ ಕರು ತಂದಾಗ, "ನೀನು ಸ್ವಲ್ಪ ಒಳಗಿರು ಕಣೇ, ಬೇಜಾರು ಮಾಡ್ಕೋಬೇಡ" ಅಂದರು. ಬೇಜಾರು ಮಾಡ್ಕೋಬೇಡ ಅನ್ನುವುದೇ ನನಗೆ ರೋಸಿಹೋಗಿದೆ. ನನ್ನ ಯಜಮಾನರು ಎರಡು ಸಲ ಬಂದಿದ್ದರು. ಹೊರಗಿನ ಕಲ್ಲಿನ ಮೇಲೆ ಕೂತು ಕಾಫಿ ಕುಡಿದು, "ಅಕ್ಕಯಮ್ಮತ್ತೆ ಒಪ್ಪಲಿ" ಅಂದು ಹೋದರು. ಒಳ್ಳೆಯವರು, ಆದರೆ ಅಷ್ಟೇ.

ತಾವು ಸುಳ್ಳು ಹೇಳಬೇಕಾಗಿಲ್ಲ. ಲೋಕದಲ್ಲಿ ಯಾರೂ ಕರೆಯದೆ ಬರುವಂಥ ಸಂಗತಿಗಳೂ ಇವೆ ಎಂದು ಹೇಳಿದರೆ ಸಾಕು.

ಇತಿ ನಮಸ್ಕಾರಗಳು,
ಭಾರತಮ್ಮ


ಕೋಲಾರ
5 ಮೇ 1975

ಕದಿರಪ್ಪ,

ಬಂದೆನಲ್ಲ. ಈಗ ತೃಪ್ತಿಯಾಯಿತೆ?

ನಡೆದದ್ದನ್ನು ನಿನಗೇ ಬರೆಯುವುದು ವಿಚಿತ್ರ, ನೀನೂ ಅಲ್ಲೇ ಕೂತಿದ್ದೆ. ಆದರೆ ನೀನು ಇಡೀ ಹೊತ್ತು ಚಾಪೆಯ ಕಡ್ಡಿ ಕೀಳುತ್ತಿದ್ದೆ. ಕಿವಿಗೆ ಎಷ್ಟು ಬಿತ್ತೋ ನನಗೆ ಗೊತ್ತಿಲ್ಲ.

ನಾನು ಸುಳ್ಳು ಹೇಳಲಿಲ್ಲ. ಹುಡುಗಿ ಬರೆದಿದ್ದನ್ನೇ ಹೇಳಿದೆ. ಆಕಾಶದಲ್ಲಿ ಹೀಗೂ ಇರಬಹುದು, ಇದ್ದರೆ ಯಾರ ಒಳ್ಳೆಯದು ಕೆಟ್ಟದ್ದಕ್ಕೂ ಸಂಬಂಧವಿಲ್ಲದೆ ಹಾದುಹೋಗಬಹುದು, ಹಾಗೆಯೇ ಮನುಷ್ಯರ ಎದೆ ಯಾರ ಕಾಲಿಗೂ ಸಂಬಂಧವಿಲ್ಲದೆ ನಿಲ್ಲುತ್ತದೆ, ಎಂದೆ. ಹೋಲಿಕೆಗೆ ಹೇಳಿದ್ದು. ನನ್ನ ಜೀವಮಾನದಲ್ಲಿ ಯಾವ ತರಗತಿಯೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಹೋಲಿಕೆಯನ್ನು ಹಿಡಿದುಕೊಂಡರು, ಹೇಳಿದ್ದನ್ನು ಬಿಟ್ಟರು.

ಮುನಿರಾಮಪ್ಪ ಎಲೆಯಡಿಕೆ ಉಗಿದು ಬಂದು ಕೇಳಿದ: "ಅಲ್ಲ ಮೇಷ್ಟ್ರೇ, ಆ ಕರೀ ತೂತು ಸೃಷ್ಟಿಯಾದಾಗಿಂದ ಅಲೀತಾ ಐತೆ ಅಂದ್ರಿ."

"ಇದ್ದರೆ," ಎಂದೆ.

"ಇರ್ಲಿ. ಇಷ್ಟು ದೊಡ್ಡ ಆಕಾಶ ಬಿಟ್ಟು, ಸಮುದ್ರ ಬಿಟ್ಟು, ಮುಳಬಾಗಿಲು ಬಿಟ್ಟು, ನಮ್ಮ ಕದಿರಪ್ಪನ ಹೊಸ್ತಿಲೇ ಯಾಕೆ ಬೇಕಾಯ್ತು ಅದಕ್ಕೆ?"

"ಬೇಕಾಗುವುದು ಅಂತ ಅದಕ್ಕೆ ಏನೂ ಇರೋದಿಲ್ಲ. ಆಕಸ್ಮಿಕ."

"ಆಕಸ್ಮಿಕ ಅಂದ್ರೆ ನಿಮಗೆ ಗೊತ್ತಿಲ್ಲ ಅಂತ ತಾನೇ?"

ಒಂದು ಅರ್ಥದಲ್ಲಿ ಹೌದು. ನಾನು ಸರಿಯಾದ ಪದ ಹುಡುಕುತ್ತಿರುವಾಗ ನಿಮ್ಮಕ್ಕ ಬಾಗಿಲ ಮರೆಯಿಂದ ಅಂದಳು, "ಅವರಿಗೆ ಗೊತ್ತಿಲ್ದಿದ್ರೆ ನನಗೆ ಗೊತ್ತು. ಅಷ್ಟು ದೂರದಿಂದ ಎಳ್ಕೊಂಡು ಬಂದ್ಲಲ್ಲಪ್ಪಾ! ಗ್ರಹ ಗಿಗ್ರಹ ಅಂದ್ಕೊಂಡಿದ್ದೆ ನಾನು, ಇದು ಅದರಪ್ಪ!"

ಅಷ್ಟೇ. ಸಭೆ ಮುಗಿಯಿತು. ಇದುವರೆಗೆ ಆ ಹುಡುಗಿಯ ಕಾಲಿಗೆ ಒಂದು ಮನೆಯ ಶನಿಯಷ್ಟೇ ಅಂಟಿತ್ತು. ಈಗ ನನ್ನ ಕೃಪೆಯಿಂದ ಇಡೀ ಬ್ರಹ್ಮಾಂಡದ ಆರಂಭವೇ ಅಂಟಿದೆ. ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಬಂದು, ಅದು ಭೂಮಿಯ ಆಚೆ ಹೋಗಿ ತಿರುಗಿ ಅದೇ ತೂತಿನಿಂದ ವಾಪಸು ಬರುತ್ತದೆಯೇ, ತನ್ನ ಮನೆ ನಿಮ್ಮ ಮನೆಗೆ ಅಂಟಿಕೊಂಡಿದೆ, ಎಂದು ಕೇಳಿದ. ಬಸ್ಸು ಬಂತು, ಹತ್ತಿದೆ. ದಾರಿಯುದ್ದಕ್ಕೂ ಮಾವಿನ ತೋಪುಗಳಲ್ಲಿ ಕಾಯಿ ಜೋತುಬಿದ್ದಿದ್ದವು. ಜನ ನನ್ನ ಮಾತು ನಂಬದಿದ್ದರೆ ಅಭ್ಯಾಸವಿದೆ. ನಂಬಿದರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ನೀನು ಬಾಯಿ ಬಿಡಲಿಲ್ಲ. ಮನೆ ನಿನ್ನದು.

ಕೋದಂಡರಾಮಪ್ಪ


ಶ್ರೀನಿವಾಸಪುರ
19 ಜೂನ್ 1975

ಕೋದಂಡರಾಮ,

ಉತ್ತರ ತಡವಾಯಿತು. ಮಾವಿನ ಕಾಲ, ಲಾರಿಗಳು ಸಾಲಾಗಿ ನಿಂತಿವೆ. ಬುಟ್ಟಿ ಕಟ್ಟುವ ಹುಲ್ಲು ಸಾಲದು ಎಂದು ದಿನವೂ ಜಗಳ.

ಅಕ್ಕಯಮ್ಮ ಮುಳಬಾಗಿಲಿನಲ್ಲಿ ಒಂದು ಹೆಣ್ಣು ನೋಡಿದ್ದಾಳೆ. ಮುನಿರಾಮಪ್ಪನ ಕಡೆಯವರು. ಆಷಾಢ ಕಳೆದ ಕೂಡಲೇ ಮಾತುಕತೆ ಮುಗಿಸಿ, ವರ್ಷ ತುಂಬುವುದರೊಳಗೆ ನರಸಿಂಹನಿಗೆ ಮಾಡಿಬಿಡಬೇಕಂತೆ. ಮಾಲೂರಿನವರಿಗೆ ನಮ್ಮ ತಾಳಿ ವಾಪಸು ಕೇಳಿ ಹೇಳಿಕಳಿಸುತ್ತಾಳಂತೆ. ನರಸಿಂಹ ಹಾಲಿನ ಡೈರಿಗೆ ಹೋಗುತ್ತಾನೆ, ಬರುತ್ತಾನೆ, ಬೇಡ ಎನ್ನುವುದಿಲ್ಲ, ಬೇಕು ಎನ್ನುವುದಿಲ್ಲ. ಊಟ ಮಾಡುವುದನ್ನು ಮಾತ್ರ ಬಿಟ್ಟಿದ್ದಾನೆ.

ಆ ಕುಳಿಗಳ ಮೇಲೆ ನೀನು ಇನ್ನೊಂದು ಲೇಖನ ಬರೆಯಬಹುದೇ? ಈ ಸಲ ಅವು ಯಾರು ಎಳೆದರೂ ಬರುವುದಿಲ್ಲ ಎಂದು ಸ್ಪಷ್ಟವಾಗಿ, ದೊಡ್ಡ ಅಕ್ಷರದಲ್ಲಿ. ಅಕ್ಕನಿಗೆ ಓದಿ ಹೇಳುತ್ತೇನೆ.

ಕದಿರಪ್ಪ


ಕೋಲಾರ
4 ಜುಲೈ 1975

ಕದಿರಪ್ಪ,

ಇಲ್ಲ. ಬರೆಯುವುದಿಲ್ಲ. ನಿನ್ನ ಪತ್ರವನ್ನು ಎರಡು ವಾರ ಮೇಜಿನ ಮೇಲಿಟ್ಟುಕೊಂಡು ಅದರ ಪಕ್ಕದಲ್ಲೇ ಊಟ ಮಾಡಿದೆ. ಬೆಳಿಗ್ಗೆ ಎದ್ದರೆ ರೇಡಿಯೊ, ದೇಶದಲ್ಲಿ ಎಲ್ಲವೂ ಸರಿಯಾಗಿದೆ, ಶಿಸ್ತಾಗಿದೆ ಎನ್ನುತ್ತದೆ. ಸ್ಟಾಫ್ ರೂಮಿನಲ್ಲಿ ಮೊದಲೇ ಕಡಿಮೆ ಮಾತಾಡುತ್ತಿದ್ದವರು ಈಗ ಹವಾಮಾನದ ಬಗ್ಗೆಯೂ ಮಾತಾಡುವುದಿಲ್ಲ. ಇಂಥ ಹೊತ್ತಿನಲ್ಲಿ ನೀನು ನನ್ನಿಂದ ದೊಡ್ಡ ಅಕ್ಷರ ಕೇಳುತ್ತಿದ್ದೀಯ.

ಒಂದು ಮಾತು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ನಿಮ್ಮಕ್ಕನಿಗೆ ಉತ್ತರ ಬೇಕಾಗಿಲ್ಲ, ಅವಳ ಹತ್ತಿರ ಇದೆ. ಮುನಿರಾಮಪ್ಪನಿಗೂ ಬೇಕಾಗಿಲ್ಲ. ಮಾರ್ಚ್ ತಿಂಗಳಿನಿಂದ ಉತ್ತರ ಕೇಳುತ್ತಿರುವವನು ನೀನೊಬ್ಬನೇ. ಒಬ್ಬ ತಂದೆಯಾದವನು, "ಅವಳು ನನ್ನ ಸೊಸೆ, ಕರೆದು ತರುತ್ತೇನೆ" ಎನ್ನುವುದಕ್ಕೆ ಲೋಕ ಹುಟ್ಟಿದ ಹೊತ್ತಿನವರೆಗೆ ಹೋಗಿ ಸಾಕ್ಷಿ ಹುಡುಕುವುದಿಲ್ಲ. ಅವಳನ್ನು ನೀನು ನೋಡಿದಾಗ ಎಲ್ಲಿ ನೋಡುತ್ತೀಯ ಕದಿರಪ್ಪ, ಮುಖವನ್ನೋ, ಪಾದವನ್ನೋ?

ಅಶ್ವತ್ಥಮ್ಮ ಯಾಕೆ ಸತ್ತಳು ಎಂದು ನಾನು ಹೇಳಲಾರೆ. ಡಾಕ್ಟರು ಹೇಳುವುದೂ ಒಂದು ಹಂತದವರೆಗೆ. ಆಮೇಲೆ ಗೊತ್ತಿಲ್ಲ ಎನ್ನಬೇಕು. ಗೊತ್ತಿಲ್ಲ ಎಂದು ಹೇಳಿ ಅಲ್ಲೇ ನಿಲ್ಲುವುದನ್ನೇ ನಾನು ಇಷ್ಟು ವರ್ಷ ಕಲಿಸಿದ್ದು, ಬೇರೇನನ್ನೂ ಕಲಿಸಿಲ್ಲ. ಅದು ಕಷ್ಟ. ಹುಡುಗರು ಆ ಜಾಗದಲ್ಲಿ ಏನಾದರೊಂದು ತುಂಬಿ ಅಂಕ ಕೇಳುತ್ತಾರೆ.

ಇದಕ್ಕೆ ನೀನು ಉತ್ತರ ಬರೆಯದಿದ್ದರೆ ಅರ್ಥವಾಗುತ್ತದೆ.

ಕೋದಂಡರಾಮಪ್ಪ


ಶ್ರೀನಿವಾಸಪುರ
14 ಆಗಸ್ಟ್ 1975

ಕೋದಂಡರಾಮ,

ನಿನ್ನ ಪತ್ರವನ್ನು ಹರಿದುಹಾಕಿದೆ. ಹಾಗೆ ಬರೆಯುವ ಹಕ್ಕು ನಿನಗೆ ಇರಲಿಲ್ಲ. ಅದಿರಲಿ.

ಆಷಾಢ ಕಳೆದ ಮೇಲೆ ಮಾಲೂರಿಗೆ ಹೋದೆ. ಯಾರಿಗೂ ಹೇಳದೆ ಹೋದೆ. ಭಾರತಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳು ಎದ್ದು ನಿಂತಾಗ ನಾನು ಎಲ್ಲಿ ನೋಡಿದೆ ಎಂದು ಬರೆಯುವುದಿಲ್ಲ. "ಹೊರಡಮ್ಮ" ಎಂದೆ.

"ಅತ್ತೆಮ್ಮ ಒಪ್ಪಿದ್ರಾ?" ಎಂದಳು.

"ಇಲ್ಲ."

"ಮತ್ತೆ ಆ ತೂತಿನ ವಿಷಯ ಎಲ್ರಿಗೂ ತಿಳೀತಾ?"

"ಅದೂ ಇಲ್ಲ. ಕಾರಣ ಏನೂ ಇಲ್ಲ. ಸುಮ್ನೆ ಕರೆಯೋಕ್ಕೆ ಬಂದಿದ್ದೀನಿ."

ಅವಳು ಕೈ ಒರೆಸಿಕೊಂಡು ಹೊರಡುತ್ತಾಳೆ ಎಂದುಕೊಂಡೆ. ಇಲ್ಲ. "ಹಿತ್ಲ ಬಾಗಿಲಿಂದ ಬರಲ್ಲ ಮಾವ. ಕದ್ದು ಕರ್ಕೊಂಡೋದ್ರೆ ನಾನು ಆ ಮನೇಲಿ ಜೀವ ಇರೋವರ್ಗೂ ಕದ್ದು ಬಂದವಳೇ. ಮೊದಲ ಸಲ ಹೆಂಗೆ ಬಂದೆನೋ ಹಂಗೇ ಬರ್ತೀನಿ. ಸೇರು ಇಡ್ಲಿ. ಒಳಗೆ ಆರತಿ ಹಿಡ್ಕೊಂಡು ಒಬ್ರು ನಿಂತಿರ್ಲಿ," ಎಂದಳು. ಅವಳ ತಾಯಿ ಅವಳ ಬಾಯಿ ಮುಚ್ಚಲು ಬಂದರು. ಅವಳು ಕೈ ತಳ್ಳಿದಳು. ನನಗೂ ಕೋಪ ಬಂತು. ಬಂದವನಿಗೆ ಷರತ್ತು ಹಾಕುತ್ತಾಳಲ್ಲ ಎಂದು ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಒಂದು ಬಸ್ಸು ಬಿಟ್ಟು, ತಿರುಗಿ ಬಂದು, ಆಗಲಿ ಎಂದೆ.

ಕಳೆದ ಭಾನುವಾರ ಮಧ್ಯಾಹ್ನ ಕರೆತಂದೆವು. ನರಸಿಂಹ ಅವಳ ಪಕ್ಕದಲ್ಲಿ ಬಂದ. ಓಣಿಯವರೆಲ್ಲ ಎದುರಿನ ಜಗಲಿಗಳ ಮೇಲೆ ನಿಂತರು, ಒಬ್ಬರೂ ನಮ್ಮ ಜಗಲಿಗೆ ಬರಲಿಲ್ಲ. ಆರತಿ ಹಿಡಿಯಲು ಓಣಿಯ ಮುತ್ತೈದೆಯರನ್ನು ಕೇಳಿದೆ. ಚಿಕ್ಕಗಂಗಮ್ಮ ಸೊಂಟ ನೋವು ಎಂದಳು. ಅನಸೂಯಮ್ಮ ಮಡಿಲಲ್ಲಿ ಮಗು ಇದೆ, ಬಿಟ್ಟುಬಿಡಿ ಅಣ್ಣ, ಎಂದು ಅತ್ತಳು. ಅವಳನ್ನು ಏನೆನ್ನಲಿ? ಅಕ್ಕಯಮ್ಮ ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಸೇರಿಗೆ ಅಕ್ಕಿ ನಾನೇ ತುಂಬಿದೆ. ಅರಿಸಿನ ಸುಣ್ಣ ನೀರಿಗೆ ಕದಡಿ, ಆರತಿ ತಟ್ಟೆಯನ್ನೂ ನಾನೇ ಹಿಡಿದು ಒಳಗಡೆ ನಿಂತೆ. ಹೆಂಡತಿ ಸತ್ತವನು ಆರತಿ ಹಿಡಿಯುವುದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಎದುರು ಜಗಲಿಯಿಂದ ಯಾರೋ, "ಒರೇ ಕದಿರಪ್ಪಾ, ವದ್ದು ರಾ, ಬೇಡ ಕಣೋ!" ಎಂದು ಕೂಗಿದರು. ಅಶ್ವತ್ಥಮ್ಮ ನಿಂತ ಜಾಗ ನನಗೆ ಗೊತ್ತಿತ್ತು. ಸರಿಯಾಗಿ ಅಲ್ಲೇ ನಿಂತಿದ್ದೆ. ನಿನ್ನ ಲೆಕ್ಕ, ಡಾಕ್ಟರ ಮಾತು ಯಾವುದೂ ಆಗ ತಲೆಯಲ್ಲಿರಲಿಲ್ಲ. ಭಯವಾಗಿತ್ತು, ಕೋದಂಡರಾಮ. ತಟ್ಟೆಯ ನೀರು ಅಂಚಿನಿಂದ ತುಳುಕಿ ನನ್ನ ಪಂಚೆಯೆಲ್ಲ ಕೆಂಪಾಯಿತು. ನರಸಿಂಹನ ಮುಖ ಬಿಳುಚಿಕೊಂಡಿತ್ತು. ಭಾರತಮ್ಮ ಒಬ್ಬಳೇ ನನ್ನ ಮುಖವನ್ನು ನೆಟ್ಟಗೆ ನೋಡುತ್ತಿದ್ದಳು. ನಾನೂ ಅವಳ ಮುಖ ನೋಡಿದೆ.

"ಒದೀಲಾ ಮಾವ?" ಎಂದಳು.

"ಒದಿ," ಎಂದೆ.

ಒದ್ದಳು. ತಾಗಿಸಲಿಲ್ಲ, ಒದ್ದಳು. ಐದಾರು ತಿಂಗಳ ಸಿಟ್ಟೆಲ್ಲ ಸೇರಿತ್ತೇನೋ, ಸೇರು ನಡುಮನೆ ದಾಟಿ ಹೋಗಿ ದೇವರ ಕೋಣೆಯ ಬಾಗಿಲಿಗೆ ಢಣ್ ಎಂದು ಬಡಿಯಿತು. ಅಕ್ಕಿ ಮೂಲೆ ಮೂಲೆಗೆ ಹಾರಿತು. ನಾನು ನಿಂತೇ ಇದ್ದೆ.

ಒಳಗೆ ಚಿಲಕ ತೆಗೆದ ಸದ್ದಾಯಿತು. ಅಕ್ಕಯಮ್ಮ ಹೊರಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನೆಲ ನೋಡಿದಳು. ಆಮೇಲೆ ಬಾಯಿ ತೆಗೆದಳು ನೋಡು: "ಏನೇ, ಕಾಲೋ ಒನಕೆಯೋ ನಿಂದು? ಮೆಲ್ಲಗೆ ಸೋಕ್ಸೋದು ನಿಮ್ಮಮ್ಮ ಕಲಿಸಿಲ್ವೇನೆ? ಅಷ್ಟು ಅಕ್ಕಿ ಯಾರು ಆಯ್ತಾರೆ ಈಗ, ನಾನಾ? ನಿಂತ್ಕೊಂಡು ನೋಡ್ತಾಳೆ! ತುಳೀಬೇಡ, ಆ ಮೂಲೇಲಿ ಪೊರಕೆ ಐತೆ, ತಗೋ!"

ಭಾರತಮ್ಮ ಒಳಗೆ ಬಂದು ಪೊರಕೆ ತೆಗೆದುಕೊಂಡಳು. ಅಕ್ಕಯಮ್ಮ ಮೊರ ಹಿಡಿದು ಕೂತಳು, ಕೂತಲ್ಲಿಂದಲೇ ಬೈಯುತ್ತಿದ್ದಳು, ಆ ಕಡೆ ಗುಡಿಸು, ಕಣ್ಣಿಲ್ವಾ, ಮಂಚದ ಕೆಳಗೆ ನೋಡು. ಇಷ್ಟು ದಿನ ಅವಳು ಆ ಹುಡುಗಿಯ ಬಗ್ಗೆ ಮಾತಾಡಿದ್ದಳು. ಅವಳ ಜೊತೆ ಮಾತಾಡಿದ್ದು ಅದೇ ಮೊದಲು. ಇವತ್ತಿಗೂ ಬೈಯುತ್ತಲೇ ಇದ್ದಾಳೆ, ಸಾರಿಗೆ ಉಪ್ಪು ಹೆಚ್ಚು, ಮಾತು ಹೆಚ್ಚು. ಹುಡುಗಿ ತಿರುಗಿ ಅನ್ನುತ್ತಾಳೆ. ಮನೆಯಲ್ಲಿ ಕೂರುವ ಹಾಗಿಲ್ಲ, ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಕದಿರಪ್ಪ